ಬೆಳ್ಳಗಿರುವುದೆಲ್ಲ ಹಾಲಲ್ಲ

ಮನುಷ್ಯನನ್ನು ಅರಿಯಬೇಕಾದರೆ ಅವನು ಉಟ್ಟುತೊಟ್ಟು ಕುಳಿತಾಗ ನೋಡಿದರೆ ಸಾಲದು, ದುಡಿಯುವಾಗ ನೋಡಬೇಕು ಎಂದು ನನ್ನ ಅಜ್ಜ ಹೇಳುತ್ತಿದ್ದರು. ಈ ಮಾತು ಲೋಹದ ಕಣಗಳಿಗೂ ಸಲ್ಲುತ್ತದೆಂದು ನನಗೆ ಮನವರಿಕೆಯಾದದ್ದು 2003ರ ಶರತ್ಕಾಲದ ಒಂದು ರಾತ್ರಿ, ಅಮೆರಿಕದ ಲಾಂಗ್ ಐಲೆಂಡ್‌ನಲ್ಲಿರುವ ಬ್ರೂಕ್‌ಹೇವನ್ ರಾಷ್ಟ್ರೀಯ ಪ್ರಯೋಗಾಲಯದಲ್ಲಿ.

ಆಗ ನಾನು ಇಂಧನಕೋಶಗಳ ಕುರಿತು ಸಂಶೋಧನೆ ನಡೆಸುತ್ತಿದ್ದ ವಿದ್ಯಾರ್ಥಿ. ಜಲಜನಕವನ್ನು ಉರಿಸದೆಯೇ ಆಮ್ಲಜನಕದೊಡನೆ ಕೂಡಿಸಿ ವಿದ್ಯುತ್ತನ್ನು ಪಡೆಯುವ ಸಾಧನವೇ ಇಂಧನಕೋಶ. ಹೊರಬರುವುದು ನೀರು ಮತ್ತು ಒಂದಿಷ್ಟು ಶಾಖ. ಇದರ ತತ್ತ್ವವನ್ನು ವಿಲಿಯಂ ಗ್ರೋವ್ 1839ರಲ್ಲಿಯೇ ಕಂಡುಕೊಂಡಿದ್ದರು. ಆದರೆ ಆಮ್ಲಜನಕದ ಅಣು ಸುಲಭವಾಗಿ ಒಡೆಯುವಂಥದ್ದಲ್ಲ. ಅದಕ್ಕೆ ಪ್ಲಾಟಿನಂ ಎಂಬ ದುಬಾರಿ ಲೋಹವೇ ವೇಗವರ್ಧಕವಾಗಿ ಬೇಕು. ಆ ಪ್ಲಾಟಿನಂ ಕೂಡ ಸಲೀಸಾಗಿ ದುಡಿಯುವುದಿಲ್ಲ. ನೀರಿನಿಂದ ಹುಟ್ಟಿದ ಹೈಡ್ರಾಕ್ಸಿಲ್ ತುಣುಕುಗಳು ಅದರ ಮೈಗೆ ಅಂಟಿಕೊಂಡು ಆಮ್ಲಜನಕಕ್ಕೆ ಎಡೆಯಿಲ್ಲದಂತೆ ಮಾಡುತ್ತವೆ. ನಿಕ್ಕಲ್ ಅಥವಾ ಕೋಬಾಲ್ಟ್ ಬೆರೆಸಿದರೆ ಈ ತೊಡಕು ತಗ್ಗುತ್ತದೆ, ಪ್ಲಾಟಿನಂ ಕೂಡ ಕಡಿಮೆ ಸಾಕಾಗುತ್ತದೆ.

ಹಾಗೇಕೆ ಎಂಬುದನ್ನು ತಿಳಿಯಲು ನೆರವಾಗುವುದು ಕ್ಷ-ಕಿರಣ ಹೀರಿಕೆಯ ರೋಹಿತವಿಜ್ಞಾನ. ಬೆಳಕಿನ ವೇಗಕ್ಕೆ ಅತಿ ಸಮೀಪದಲ್ಲಿ ದೊಡ್ಡ ಉಂಗುರದೊಳಗೆ ಸುತ್ತುವ ಎಲೆಕ್ಟ್ರಾನುಗಳಿಂದ ಹೊಮ್ಮುವ ಪ್ರಖರ ಕ್ಷ-ಕಿರಣಗಳನ್ನು ಮಾದರಿಯ ಮೂಲಕ ಹಾಯಿಸಿ, ಅವುಗಳ ಶಕ್ತಿಯನ್ನು ಮೆಲ್ಲಮೆಲ್ಲನೆ ಏರಿಸುತ್ತಾ ಹೋಗುತ್ತಾರೆ. 11,564 ಎಲೆಕ್ಟ್ರಾನ್ ವೋಲ್ಟ್ ಮುಟ್ಟಿದೊಡನೆ ಪ್ಲಾಟಿನಂನ ಒಳಕವಚದ ಎಲೆಕ್ಟ್ರಾನೊಂದು ತನ್ನ ಸ್ಥಾನ ಬಿಟ್ಟೇಳುತ್ತದೆ. ಹೀರಿಕೆ ಥಟ್ಟನೆ ಮೇಲಕ್ಕೆ ಜಿಗಿಯುತ್ತದೆ. ಆ ಜಿಗಿತದ ತುದಿಯಲ್ಲಿರುವ ಶಿಖರಕ್ಕೆ ‘ಬಿಳಿ ರೇಖೆ’ ಎಂದು ಹೆಸರು. ಪ್ಲಾಟಿನಂನ ಹೊರಕಕ್ಷೆಯಲ್ಲಿ ಎಷ್ಟು ಸ್ಥಾನಗಳು ಖಾಲಿಯಿವೆ ಎಂಬುದನ್ನು ಅದು ಸೂಚಿಸುತ್ತದೆ. ಅದರಾಚೆಗೆ ಸಣ್ಣ ಅಲೆಗಳು ಮೂಡುತ್ತವೆ. ಕೆರೆಗೆ ಎಸೆದ ಕಲ್ಲಿನ ಅಲೆ ಮೆಟ್ಟಿಲಿಗೆ ಬಡಿದು ಹಿಂತಿರುಗುವಂತೆ, ಹೊರಟ ಎಲೆಕ್ಟ್ರಾನಿನ ಅಲೆ ನೆರೆಯ ಪರಮಾಣುಗಳಿಗೆ ತಾಗಿ ಮರಳುವುದರ ಗುರುತುಗಳವು. ಅವುಗಳಿಂದ ನೆರೆಯವರ ದೂರವನ್ನು ಎಣಿಸುವ ವಿಧಾನವನ್ನು 1971ರಲ್ಲಿ ಸೇಯರ್ಸ್, ಸ್ಟರ್ನ್ ಮತ್ತು ಲಿಟ್ಲ್ ತೋರಿಸಿಕೊಟ್ಟರು. 1995ರಲ್ಲಿ ಮುಖರ್ಜಿ, ಶ್ರೀನಿವಾಸನ್, ಮ್ಯಾಕ್‌ಬ್ರೀನ್ ಮತ್ತು ಸಂಗಡಿಗರು ಈ ವಿಧಾನದಿಂದಲೇ ಮಿಶ್ರಲೋಹಗಳನ್ನು ಪರೀಕ್ಷಿಸಿ, ಪ್ಲಾಟಿನಂ ಪರಮಾಣುಗಳು ಅಲ್ಲಿ ಪರಸ್ಪರ ಹತ್ತಿರ ಸರಿದಿರುತ್ತವೆ, ಹೊರಕಕ್ಷೆಯ ಖಾಲಿ ಸ್ಥಾನಗಳು ಹೆಚ್ಚುತ್ತವೆ ಎಂದು ವರದಿ ಮಾಡಿದ್ದರು.

ನಾನು ಸಿದ್ಧಪಡಿಸಿದ್ದು ಪ್ಲಾಟಿನಂ-ನಿಕ್ಕಲ್ ಪುಡಿ. ಒಂದೊಂದು ಕಣವೂ ಮೂರು ನ್ಯಾನೋಮೀಟರಿನಷ್ಟು ಕಿರಿದು. ಒಣಪುಡಿಯನ್ನು ಹಾಗೆಯೇ ಅಳೆದಾಗ, ಪ್ಲಾಟಿನಂ ತಗಡಿಗಿಂತ ಅದರ ಬಿಳಿ ರೇಖೆ ಬಹಳ ಎತ್ತರವಾಗಿತ್ತು. ಅದೆಲ್ಲವೂ ನಿಕ್ಕಲ್‌ನ ಮಹಿಮೆಯೆಂದು ಬಗೆದು, ಒಂದು ಸಮ್ಮೇಳನಕ್ಕೆ ಸಾರಾಂಶವನ್ನೂ ಕಳುಹಿಸಿಬಿಟ್ಟೆ. ಒಂದೂವರೆ ವರ್ಷದ ದುಡಿಮೆಗೆ ಫಲ ದೊರೆಯಿತೆಂಬ ಹಿಗ್ಗು ನನ್ನದು. ಮಾರ್ಗದರ್ಶಕರು ಕೇಳಿದ್ದು ಒಂದೇ ಪ್ರಶ್ನೆ: “ಅದು ಕೆಲಸ ಮಾಡುವಾಗ ಹೇಗಿರುತ್ತದೆ?”

ಆ ಪ್ರಶ್ನೆಯನ್ನು ಹೊತ್ತು ಮತ್ತೆ ಬ್ರೂಕ್‌ಹೇವನ್ನಿಗೆ ಹೋದೆ. ಅಲ್ಲಿ ದೊರೆಯುವುದು ಎಣಿಸಿದಷ್ಟು ದಿನಗಳು; ಆದ್ದರಿಂದ ಹಗಲಿರುಳೂ ಎಚ್ಚರ. ಈ ಬಾರಿ ಪುಡಿಯನ್ನು ಪುಟ್ಟ ಕೋಶದಲ್ಲಿರಿಸಿ, ಆಮ್ಲದ ದ್ರಾವಣವನ್ನು ಹರಿಯಗೊಟ್ಟು, ವೋಲ್ಟೇಜು ಕೊಟ್ಟು ಅಳೆದೆ. ವೋಲ್ಟೇಜು ತಗ್ಗಿಸಿದೊಡನೆ ಬಿಳಿ ರೇಖೆ ಕುಗ್ಗಿತು. ನಾನು ನಿಕ್ಕಲ್‌ನ ಪ್ರಭಾವವೆಂದು ಬರೆದದ್ದರಲ್ಲಿ ದೊಡ್ಡ ಪಾಲು, ಪುಡಿ ಗಾಳಿಯಲ್ಲಿದ್ದಾಗ ಅದರ ಮೈಗೆ ಹತ್ತಿದ ಆಮ್ಲಜನಕದ್ದಾಗಿತ್ತು! ಇಷ್ಟು ಚಿಕ್ಕ ಕಣದಲ್ಲಿ ಮೂರರಲ್ಲೊಂದು ಪಾಲು ಪರಮಾಣುಗಳು ಹೊರಮೈಯಲ್ಲೇ ಇರುತ್ತವೆ. ತಗಡಿನೊಡನೆ ಹೋಲಿಸುವಾಗ ಅದನ್ನು ನಾನು ಮರೆತಿದ್ದೆ.

ಬೆಳಗಿನ ಜಾವ ನಿಕ್ಕಲ್‌ನ ಸರದಿ. ಪ್ರತಿಯೊಂದು ಮೂಲವಸ್ತುವಿಗೂ ತನ್ನದೇ ಶಕ್ತಿಯ ಮೆಟ್ಟಿಲಿರುವುದರಿಂದ ಒಂದನ್ನು ಬಿಟ್ಟು ಇನ್ನೊಂದನ್ನು ವಿಚಾರಿಸಬಹುದು. ನಿಕ್ಕಲ್‌ನದು 8,333. ಗಂಟೆಗಳು ಕಳೆದಂತೆ ಆ ಮೆಟ್ಟಿಲಿನ ಎತ್ತರ ತಗ್ಗುತ್ತಾ ಬಂತು. ಹರಿಯುವ ಆಮ್ಲದಲ್ಲಿ ನಿಕ್ಕಲ್ ಕರಗಿ ಹೊರಟುಹೋಗುತ್ತಿತ್ತು. ನಾನು ಹೊಗಳಿ ಬರೆದಿದ್ದ ಮಿಶ್ರಲೋಹ ನನ್ನ ಕಣ್ಣೆದುರೇ ಬೇರೊಂದು ವಸ್ತುವಾಗುತ್ತಿತ್ತು.

ಯಂತ್ರವನ್ನು ದೂರಲು ಮನಸ್ಸು ನೂರು ದಾರಿ ಹುಡುಕಿತು. ಮೂರನೆಯ ಬಾರಿ ಅಳೆದಾಗಲೂ ಉತ್ತರ ಅದೇ. ಹಳೆಯ ವಕ್ರರೇಖೆಯನ್ನೇ ಉಳಿಸಿಕೊಂಡಿದ್ದರೆ ಯಾರೂ ಕೂಡಲೇ ಪ್ರಶ್ನಿಸುತ್ತಿರಲಿಲ್ಲ ಎಂಬುದು ನನಗೆ ಗೊತ್ತಿತ್ತು. ಊರಿಗೆ ಹಿಂದಿರುಗಿದ ಮರುದಿನ ಸಾರಾಂಶವನ್ನು ಹಿಂತೆಗೆದುಕೊಂಡೆ. ಆ ಎರಡು ಸಾಲಿನ ಪತ್ರ ಬರೆಯಲು ಇಡೀ ಮಧ್ಯಾಹ್ನ ಹಿಡಿಯಿತು. ಪದವಿ ಒಂದು ವರ್ಷ ತಡವಾಯಿತು.

ಆದರೆ ಕಳೆದುಕೊಂಡದ್ದೆಲ್ಲ ನಷ್ಟವಾಗಲಿಲ್ಲ. ಹೊರಪದರದ ನಿಕ್ಕಲ್ ಹೋದ ಮೇಲೂ ಒಳಗುಳಿದ ನಿಕ್ಕಲ್, ಮೇಲಿನ ಪ್ಲಾಟಿನಂ ತೊಗಲನ್ನು ಬಿಗಿಹಿಡಿದು ಅದರ ಗುಣವನ್ನು ತಿದ್ದುತ್ತಲೇ ಇತ್ತು. ಅಂದಿನಿಂದ ಪುಡಿಯನ್ನು ಮೊದಲೇ ಆಮ್ಲದಲ್ಲಿ ತೊಳೆದು, ಹೋಗುವುದನ್ನು ಹೋಗಗೊಟ್ಟು, ಉಳಿದದ್ದನ್ನೇ ಪರೀಕ್ಷಿಸತೊಡಗಿದೆ. ಪ್ಲಾಟಿನಂ ಮಿಶ್ರಲೋಹಗಳನ್ನು ಹೀಗೆ ತೊಳೆದು ಬಳಸುವುದು ಈ ಕ್ಷೇತ್ರದಲ್ಲಿ ರೂಢಿಯಲ್ಲಿರುವ ಕ್ರಮವೇ. 2014ರ ಡಿಸೆಂಬರಿನಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಟೊಯೋಟಾ ಮಿರಾಯ್ ಕಾರಿನ ಇಂಧನಕೋಶದಲ್ಲಿ ಪ್ಲಾಟಿನಂ-ಕೋಬಾಲ್ಟ್ ಮಿಶ್ರಲೋಹವಿದೆ ಎಂದು ಓದಿದಾಗ, ನಿಕ್ಕಲ್‌ನ ಆ ರಾತ್ರಿ ನೆನಪಾಯಿತು.

ನಾನು ಕುಳಿತು ಅಳೆದ ಬೆಳಕಿನ ಉಂಗುರ 2014ರ ಸೆಪ್ಟೆಂಬರಿನಲ್ಲಿ ಶಾಶ್ವತವಾಗಿ ನಿಂತಿತು. ಅದರ ಪಕ್ಕದಲ್ಲಿ ಇನ್ನೂ ಪ್ರಖರವಾದ ಹೊಸದೊಂದು ಎದ್ದಿದೆ. ನಮ್ಮ ದೇಶದಲ್ಲಿಯೂ ಇಂದೋರಿನ ಇಂಡಸ್-2 ಉಂಗುರದಲ್ಲಿ ಇಂಥ ಅಧ್ಯಯನಕ್ಕೆ ಅನುಕೂಲವಿದೆ. ಈಗ ನನ್ನ ಬಳಿ ವಿದ್ಯಾರ್ಥಿಗಳು ಅಂದವಾದ ವಕ್ರರೇಖೆಯನ್ನು ಹಿಡಿದು ಸಂಭ್ರಮದಿಂದ ಬರುತ್ತಾರೆ. ಅವರ ಮುಖದ ಹಿಗ್ಗಿನಲ್ಲಿ ಅಂದಿನ ನನ್ನನ್ನೇ ಕಾಣುತ್ತೇನೆ. ಬೆನ್ನು ತಟ್ಟಿ, ಮೆಲುದನಿಯಲ್ಲಿ ಅದೇ ಪ್ರಶ್ನೆಯನ್ನು ಕೇಳುತ್ತೇನೆ: “ಅದು ಕೆಲಸ ಮಾಡುವಾಗ ಹೇಗಿರುತ್ತದೆ?”