ಉಂಡು ಹೋಗಿ, ಉಳಿದು ಉಣ್ಣಿ

28 ವರ್ಷ ಕರಿಹಲಗೆಯ ಮೇಲೆ ಕ್ರಿಯಾಪದ ಬರೆದವಳಿಗೆ ಹೊಸ ಭಾಷೆ ಸಿಕ್ಕರೆ ಮೊದಲು ಕೈ ಹೋಗುವುದು ವ್ಯಾಕರಣಕ್ಕೇ. ಬೇಸಿಗೆ ರಜೆಗೆ ಗಳಿಕೆ ರಜೆ ಸೇರಿಸಿಕೊಂಡು ನೆದರ್ಲೆಂಡ್ಸಿನ ಐಂಡ್‌ಹೋವನ್‌ನಲ್ಲಿರುವ ಮಗಳ ಮನೆಗೆ ಹೋದಾಗ, ಮೊಮ್ಮಗಳ ಪಕ್ಕದಲ್ಲಿ ನಾನೂ ಡಚ್ ಪಾಠಕ್ಕೆ ಕೂತೆ.

ನಮ್ಮ ಮಕ್ಕಳಿಗೆ ಇಂಗ್ಲಿಷಿನ ಕಂಟಿನ್ಯುಯಸ್ ಟೆನ್ಸ್ ಕಲಿಸುವಷ್ಟರಲ್ಲಿ ಗಂಟಲು ಒಣಗುತ್ತದೆ. ಡಚ್ಚರಿಗೆ ಆ ಗೊಡವೆ ಅಷ್ಟಿಲ್ಲ. 'ಇಕ್ ಲೇಸ್' ಎಂದರೆ ಓದುತ್ತೇನೆ ಎಂದೂ ಆಯಿತು, ಓದುತ್ತಿದ್ದೇನೆ ಎಂದೂ ಆಯಿತು. ಕೆಲಸ ಈಗ ನಡೆದೇ ಇದೆ ಎಂದು ಒತ್ತಿ ಹೇಳಬೇಕಾದರೆ 'ಆನ್ ಹೆಟ್' ಸೇರಿಸುತ್ತಾರೆ. 'ಇಕ್ ಬೆನ್ ಆನ್ ಹೆಟ್ ಕೋಕೆನ್', ಅಂದರೆ ಅಡುಗೆ ಮಾಡ್ತಾ ಇದ್ದೀನಿ.

ನನಗೆ ನಿಜವಾಗಿ ಖುಷಿಯಾದದ್ದು ಮುಂದಿನ ಪಾಠದಲ್ಲಿ. ಕೂರುವುದು, ನಿಲ್ಲುವುದು, ಮಲಗುವುದು, ಇವನ್ನೇ ಸಹಾಯಕ ಕ್ರಿಯಾಪದ ಮಾಡಿಕೊಂಡಿದ್ದಾರೆ! 'ಇಕ್ ಜಿಟ್ ಟೆ ಲೇಜೆನ್' ಎಂದರೆ ಓದುತ್ತಾ ಕೂತಿದ್ದೇನೆ. 'ಹೈ ಸ್ಟಾಟ್ ಟೆ ವಾಖ್ಟೆನ್' ಎಂದರೆ ಕಾಯುತ್ತಾ ನಿಂತಿದ್ದಾನೆ. ನಮ್ಮದೇ ಮಾತು! ಗೊಣಗುತ್ತಾ ಕೂತಿದ್ದೀಯಲ್ಲ ಎಂದು ನಾವು ಬೈಯುವಾಗ 'ಕೂತಿ'ಗೆ ಬರುವ ಖಾರ ಅವರ 'ಜಿಟ್'ಗೂ ಬರುತ್ತದಂತೆ. ಭೂತಕಾಲದಲ್ಲಿ ಮಾತ್ರ ತೊಡಕು. 'ಇಕ್ ಹೆಬ್ ಜಿಟ್ಟೆನ್ ಲೇಜೆನ್' ಎನ್ನುವಾಗ 'ಟೆ' ಮಾಯವಾಗಿ, ಎರಡು ಕ್ರಿಯಾಪದಗಳೂ ಮೂಲರೂಪದಲ್ಲೇ ನಿಲ್ಲುತ್ತವೆ. ಏಕೆಂದು ಕೇಳಿದರೆ ಏಳು ವರ್ಷದ ನನ್ನ ಮೇಷ್ಟ್ರು, "ಹಾಗೇನೇ ಅಜ್ಜಿ" ಎಂದಳು. ನಾನೂ ತರಗತಿಯಲ್ಲಿ ಹೇಳುವ ಉತ್ತರವೇ.

ಬಿಡದೆ ಮಾಡುತ್ತಲೇ ಇರುವುದಕ್ಕೆ ಅವರ ಪದ 'ಬ್ಲೈವೆನ್'. ಅದರ ಮೂಲ ಅರ್ಥ ಉಳಿಯುವುದು. 'ಇಕ್ ಬ್ಲೈಫ್ ಲೇಜೆನ್', ಓದುತ್ತಲೇ ಇರುತ್ತೇನೆ. ಮನೆಗೆ ಬಂದವರನ್ನು ಊಟಕ್ಕೆ ನಿಲ್ಲಿಸಿಕೊಳ್ಳುವಾಗಲೂ ಇದೇ ಪದ: 'ಬ್ಲೈಫ್ ಯೆ ಏಟೆನ್?' ಉಳಿದು ಉಣ್ಣುತ್ತೀಯಾ ಎಂದು. ನಾವಾದರೆ "ಊಟ ಮಾಡ್ಕೊಂಡು ಹೋಗಿ" ಎನ್ನುತ್ತೇವೆ. ಕರೆಯುವ ಪ್ರೀತಿ ಒಂದೇ. ಆದರೆ ನಮ್ಮ ಮಾತಿನಲ್ಲಿ ಎಲೆ ಹಾಕುವ ಮೊದಲೇ ಅತಿಥಿ ಹೊರಟಾಗಿರುತ್ತದೆ!

ನನ್ನ ವೀಸಾ ಇದ್ದದ್ದು 90 ದಿನಕ್ಕೆ. ಹೊರಡುವ ಹಿಂದಿನ ರಾತ್ರಿ ಮೊಮ್ಮಗಳು ನನ್ನ ಸೂಟ್‌ಕೇಸಿನ ಮೇಲೆ ಕೂತು ಕೇಳಿದಳು: "ಅಜ್ಜಿ, ನಾಳೇನೂ ಬ್ಲೈಫ್ ಯೆ ಸ್ಲಾಪೆನ್?" ನಾಳೆಯೂ ಇಲ್ಲೇ ಮಲಗ್ತೀಯಾ ಎಂದು.

"ಇಲ್ಲ ಪುಟ್ಟಿ, ಹೋಗಿ ಬರ್ತೀನಿ."

"ಬರ್ತೀನಿ ಅಂದ್ರೆ ಸಾಕಲ್ಲ, ಹೋಗಿ ಯಾಕೆ?"

ನಾನು ಮಗಳ ಮುಖ ನೋಡಿದೆ. ಅವಳು ತಲೆಯೆತ್ತದೆ ನನ್ನ ಸೀರೆಗಳನ್ನು ಮಡಿಸುತ್ತಲೇ ಇದ್ದಳು.