ನಾನು ಬರೆದ ಪತ್ತೇದಾರಿ ಕಾದಂಬರಿ

ನಾನೂ ಒಂದು ಕಾದಂಬರಿ ಬರೆದಿದ್ದೆನೆಂದರೆ ಮನೆಯವರು ನಗುತ್ತಾರೆ. ಬರೆದದ್ದು ನಿಜ. 1962ರ ಬೇಸಿಗೆಯಲ್ಲಿ, ಕಾರವಾರದಲ್ಲಿ, ಏಳನೆಯ ಇಯತ್ತೆಯ ಪರೀಕ್ಷೆ ಮುಗಿದ ಮೇಲೆ, ಲೆಕ್ಕದ ವಹಿಯಲ್ಲಿ ಉಳಿದಿದ್ದ ಮೂವತ್ತು ಹಾಳೆಗಳಲ್ಲಿ ಬರೆದೆ. ಅದು ಎಲ್ಲಿಯೂ ಅಚ್ಚಾಗಲಿಲ್ಲ. ಆದರೂ ಅದರಿಂದಾಗಿ ಒಬ್ಬರ ಮನೆಗೆ ಪೋಲೀಸರು ಬಂದರು.

ಹಿಂದಿನ ವರ್ಷದ ಕೊನೆಗೆ ಯುದ್ಧವು ನಮ್ಮ ಹೊಸ್ತಿಲವರೆಗೂ ಬಂದು ಹೋಗಿತ್ತು. ಬಿಣಗಾದ ದಂಡೆಯಿಂದ ಕಾಣುವ ಅಂಜದೀವ ದ್ವೀಪವು ಪೋರ್ತುಗೀಜರ ವಶದಲ್ಲಿತ್ತು. 1961ರ ನವೆಂಬರಿನಲ್ಲಿ ಅಲ್ಲಿಂದ ‘ಸಾಬರಮತಿ’ ಹಡಗಿನ ಮೇಲೆಯೂ ಮೀನುಗಾರರ ದೋಣಿಗಳ ಮೇಲೆಯೂ ಗುಂಡು ಹಾರಿತು; ಒಬ್ಬ ಮೀನುಗಾರ ಸತ್ತ. ಡಿಸೆಂಬರ್ 18ರಂದು ‘ತ್ರಿಶೂಲ’ ನೌಕೆಯ ನಾವಿಕರು ದ್ವೀಪಕ್ಕಿಳಿದರು. ಬಿಳಿಯ ಬಾವುಟ ತೋರಿಸಿದವರೇ ಗುಂಡು ಹಾರಿಸಿದರು. ನಮ್ಮವರು ಏಳು ಮಂದಿ ಅಲ್ಲಿ ಮಡಿದರು. ಮರುದಿನ ಗೋವೆಯಲ್ಲಿ ಪೋರ್ತುಗೀಜರ ಆಳಿಕೆ ಮುಗಿಯಿತು. (ಈಗ ಆ ಕಡಲಂಚಿನಲ್ಲಿ ನೌಕಾನೆಲೆಯಿದೆ.)

ಅನಂತರ ಊರಿನಲ್ಲೆಲ್ಲ ಕಳ್ಳಸಾಗಣೆಯದೇ ಮಾತು. ಪರದೇಶದ ಕೈಗಡಿಯಾರ, ಸೆಂಟು, ಸಾರಾಯಿಯ ಸೀಸೆಗಳು ಗೋವೆಯಿಂದ ಯಾರ ದೋಣಿಯಲ್ಲಿ ಬಂದವು, ಎಲ್ಲಿ ಇಳಿದವು ಎಂದು ಜಗಲಿಜಗಲಿಗಳಲ್ಲಿ ಪಿಸುಮಾತು. ನಾನೋ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ಪಠ್ಯಪುಸ್ತಕದೊಳಗಿಟ್ಟು ಓದುತ್ತಿದ್ದ ಹುಡುಗ. ಇನ್ನೇನು ಬೇಕು!

ನನ್ನ ನಾಯಕನಿಗೆ ಮಾದರಿ ಅಂಕೋಲೆಯ ಸೋದರಮಾವ. ಅವರು ಡಾ. ಹರ್ಡೀಕರರ ಸೇವಾದಳದಲ್ಲಿ ಲಾಠಿ ಕಲಿತವರು. 1930ರ ಏಪ್ರಿಲ್ 13ರಂದು ಅಂಕೋಲೆಯಲ್ಲಿ ಎಂ. ಪಿ. ನಾಡಕರ್ಣಿಯವರು ಉಪ್ಪಿನ ಕಾಯಿದೆ ಮುರಿದಾಗ ಗುಂಪಿನಲ್ಲಿದ್ದವರು. ರಜೆಯಲ್ಲಿ ಹಿತ್ತಿಲಿನ ತೆಂಗಿನ ಮರಗಳ ಕೆಳಗೆ ನಮಗೆ ಪಾಠ. ಮೊದಲ ಹದಿನೈದು ದಿನ ಹೆಜ್ಜೆ ಮಾತ್ರ; ಲಾಠಿ ಕೈಗೆ ಬಂದ ಮೇಲೂ ತಲೆ ಕಾಯ್ದುಕೊಳ್ಳುವ ವರಸೆಯೇ ಮೊದಲು. ನನಗೆ ಬೇಸರ. ನನ್ನ ಕಾದಂಬರಿಯ ವೀರ ಮಾತ್ರ ಲಾಠಿ ಬೀಸಿ ಹತ್ತು ಪಿಸ್ತೂಲುಗಳನ್ನು ಒಮ್ಮೆಲೇ ಉದುರಿಸುತ್ತಿದ್ದ.

ಖಳನಾಯಕನೂ ಬೇಕಷ್ಟೆ. ಬೈತಕೋಲದ ತಾಂಡೇಲನೊಬ್ಬ ಹೊಳೆಯುವ ಹೊಸ ಗಡಿಯಾರ ಕಟ್ಟಿದ್ದನ್ನು ಕಂಡಿದ್ದೆ. ಅವನನ್ನೇ ಹಿಡಿದೆ, ಹೆಸರನ್ನೂ ಬದಲಿಸಲಿಲ್ಲ. ಗೆಳೆಯರಿಗೆ ಜಗಲಿಯ ಮೇಲೆ ಓದಿದೆ. ಅವರು ತಮ್ಮ ಮನೆಗಳಲ್ಲಿ ಹೇಳಿದರು. ಮೂರು ಮನೆ ದಾಟುವಷ್ಟರಲ್ಲಿ ಕಥೆಯೆಂಬುದು ಉದುರಿಹೋಗಿ ಹೆಸರು, ಗಡಿಯಾರ, ದೋಣಿ ಇಷ್ಟೇ ಉಳಿದವು.

ಅವನ ಮನೆಯ ಜಪ್ತಿಯಾಯಿತು. ಮಳೆಗಾಲಕ್ಕೆ ಮುಂಚಿನ ಮೀನಿನ ದಿನಗಳಲ್ಲಿ ದೋಣಿ ಮೂರು ದಿನ ದಂಡೆಯಲ್ಲೇ ನಿಂತಿತು. ಕೊನೆಗೆ ಮುಂಬಯಿಯಿಂದ ಹಡಗಿನ ಕೆಲಸದ ತಮ್ಮನ ಕಾಗದ ಬಂತು: ಗಡಿಯಾರ ತಾನು ಸುಂಕ ಕಟ್ಟಿ ತಂದು ಅಣ್ಣನಿಗೆ ಕೊಟ್ಟದ್ದು ಎಂದು.

ಸುದ್ದಿ ತಿಳಿದು ಮಾವ ಅಂಕೋಲೆಯಿಂದ ಬಂದರು. ಬೈಯಲಿಲ್ಲ. “ವಹಿ ತೆಗೆದುಕೊಂಡು ನಡೆ,” ಎಂದರು. ಬೈತಕೋಲದಲ್ಲಿ ತಾಂಡೇಲ ಬಲೆ ಹೆಣೆಯುತ್ತ ಕುಳಿತಿದ್ದ. ಮಾವ ಕೈಜೋಡಿಸಿ, “ನಮ್ಮ ಹುಡುಗ ಬರೆದದ್ದನ್ನು ನಿಮ್ಮೆದುರಿಗೇ ಓದಲಿ,” ಎಂದರು. ಓದತೊಡಗಿದೆ. ಅವನ ಹೆಂಡತಿ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. ಲಾಠಿಯ ಒಂದೇ ಪೆಟ್ಟಿಗೆ ಖಳನ ಮಣಿಕಟ್ಟು ಮುರಿಯುವ ಜಾಗಕ್ಕೆ ಬಂದಾಗ ನನ್ನ ಗಂಟಲು ಕಟ್ಟಿತು.

“ಓದು ತಮ್ಮಾ, ಮುಂದೇನಾಯಿತು?” ಎಂದ ತಾಂಡೇಲ. ನಾನು ಬಾಯಿ ಬಿಡಲಿಲ್ಲ. ಅವನು ಎಡಗೈಯನ್ನು ಮುಂದೆ ಚಾಚಿದ. ಬಿಸಿಲಿಗೆ ಕರಿದಾದ ತೋಳಿನ ಮೇಲೆ ಗಡಿಯಾರದ ಪಟ್ಟಿಯಿದ್ದಲ್ಲಿ ಬೆಳ್ಳನೆಯ ಗೆರೆಯಿತ್ತು.

“ದೋಣಿ ಬಂತು. ಗಡಿಯಾರ ಇನ್ನೂ ಬಂದಿಲ್ಲ. ಅದನ್ನೂ ಬರೆದುಕೋ.”

ಮಾವ ಮಾತಿಲ್ಲದೆ ಬಲೆಯ ಇನ್ನೊಂದು ತುದಿ ಹಿಡಿದು ಕುಳಿತರು. ಕತ್ತಲಾಗುವವರೆಗೂ ನಾನು ನೂಲು ಬಿಚ್ಚಿ ಬಿಚ್ಚಿ ಕೊಟ್ಟೆ.