ಬೆಂಬತ್ತುವವರ ಬೆಂಬಲ

'ಟೀಮ್ ಪರ್ಸೂಟ್' ಎಂಬ ಸೈಕಲ್ ಪಂದ್ಯದ ಹೆಸರನ್ನು ಕನ್ನಡಕ್ಕೆ ತರಹೊರಟವರು 'ಬೆನ್ನಟ್ಟುವಿಕೆ' ಎಂದಾರು. ಹಳಗನ್ನಡ ಬಲ್ಲವರಿಗೆ 'ಬೆಂಬತ್ತು' ನೆನಪಾದೀತು. ಮರಾಠಿಯ 'ಪಾಠಲಾಗ'ದಲ್ಲಿರುವುದೂ ಬೆನ್ನು ಎಂಬರ್ಥದ 'ಪಾಠ'ವೇ. ಮಲಯಾಳದ 'ಪಿಂತುಡರುಕ'ದಲ್ಲಿ ಹಿಂದು ಎಂಬರ್ಥದ 'ಪಿನ್' ಇದೆ. ಹಲವು ನುಡಿಗಳು ಕೂಡಿ ಬಾಳುವ ಕಾಸರಗೋಡಿನಲ್ಲಿ ಈ ಹೋಲಿಕೆ ಯಾರ ಕಣ್ಣಿಗೂ ಬೀಳುವಂಥದು.

ಪಂದ್ಯದ ಕ್ರಮ ಸರಳ. ಅಂಚುಗಳು ಮೇಲೆದ್ದಿರುವ ಅಂಡಾಕಾರದ ಪಥದ ಎದುರುಬದುರು ಬದಿಗಳಿಂದ ಎರಡು ತಂಡಗಳು ಒಮ್ಮೆಗೇ ಹೊರಡುತ್ತವೆ. ಒಂದು ಇನ್ನೊಂದನ್ನು ಬೆಂಬತ್ತುತ್ತದೆ. ಪ್ರತಿ ತಂಡದಲ್ಲಿ ನಾಲ್ವರು. 250 ಮೀಟರಿನ ಪಥದಲ್ಲಿ 16 ಸುತ್ತು, ಒಟ್ಟು 4 ಕಿಲೋಮೀಟರ್. ಮುಂದಿನವಳು ಗಾಳಿಯನ್ನು ಸೀಳುತ್ತಾಳೆ. ಅವಳ ಮರೆಯಲ್ಲಿ ಸಾಗುವ ಉಳಿದವರಿಗೆ ಶ್ರಮ ಕಡಿಮೆ. ತನ್ನ ಸರದಿ ಮುಗಿದೊಡನೆ ಅವಳು ಪಥದ ಏರಿಗೆ ಸರಿದು ಸಾಲಿನ ಕೊನೆಗೆ ಬಂದು ಸೇರುತ್ತಾಳೆ.

ಪುರುಷರು 1920ರ ಒಲಿಂಪಿಕ್ಸ್‌ನಲ್ಲಿಯೇ 4 ಕಿಲೋಮೀಟರ್ ಸ್ಪರ್ಧಿಸಿದ್ದರು. ಮಹಿಳೆಯರಿಗೆ ಈ ವಿಭಾಗದ ವಿಶ್ವ ಚಾಂಪಿಯನ್‌ಷಿಪ್ ದೊರೆತದ್ದು 2008ರಲ್ಲಿ, ಒಲಿಂಪಿಕ್ಸ್ ಪ್ರವೇಶ 2012ರಲ್ಲಿ. ಆಗಲೂ ಮೂವರು, 3 ಕಿಲೋಮೀಟರ್ ಮಾತ್ರ. 2014ರ ವಿಶ್ವ ಚಾಂಪಿಯನ್‌ಷಿಪ್‌ನಿಂದ ನಾಲ್ವರು, 4 ಕಿಲೋಮೀಟರ್ ಎಂಬ ಸಮಾನತೆ ಬಂದಿತು. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಜರ್ಮನಿಯ ತಂಡವು 4 ನಿಮಿಷ 4.242 ಸೆಕೆಂಡುಗಳಲ್ಲಿ ಗುರಿ ಮುಟ್ಟಿ ವಿಶ್ವದಾಖಲೆಯೊಡನೆ ಚಿನ್ನ ಗೆದ್ದಿತು. ಅದು ಗಂಟೆಗೆ ಸುಮಾರು 59 ಕಿಲೋಮೀಟರ್ ವೇಗ.

ಈ ಕಾಲ ಯಾರದು? ಮೊದಲು ಗೆರೆ ದಾಟಿದವಳದಲ್ಲ. ಗಡಿಯಾರ ನಿಲ್ಲುವುದು ಮೂರನೆಯವಳ ಚಕ್ರಕ್ಕೆ. ಬಲಿಷ್ಠಳಾದವಳು ತನ್ನ ಶಕ್ತಿಗೆ ತಕ್ಕಂತೆ ನುಗ್ಗಿದರೆ ಸಾಲು ಹರಿಯುತ್ತದೆ, ತಂಡ ಸೋಲುತ್ತದೆ. ನಾಲ್ಕನೆಯವಳು ಮಾತ್ರ ಹಿಂದುಳಿಯಬಹುದು. ಎಷ್ಟೋ ಬಾರಿ ಅವಳು ತನ್ನಲ್ಲುಳಿದ ಕಸುವನ್ನೆಲ್ಲ ಒಂದು ದೀರ್ಘ ಸರದಿಗೆ ಸುರಿದು, ಉಳಿದ ಮೂವರನ್ನು ಮುಂದೆ ಕಳುಹಿಸಿ ಹೊರಬೀಳುತ್ತಾಳೆ. ಪದಕ ಅವಳಿಗೂ ಉಂಟು.

ಇಲ್ಲಿ ಮತ್ತೆ ಪದದ ಕಡೆಗೆ ತಿರುಗಬೇಕು. ಬೆನ್ ಮತ್ತು ಪತ್ತು ಸೇರಿ 'ಬೆಂಬತ್ತು' ಆದಂತೆ, ಬೆನ್ ಮತ್ತು ಬಲ ಸೇರಿ 'ಬೆಂಬಲ', ಬೆನ್ ಮತ್ತು ಕಾವಲು ಸೇರಿ 'ಬೆಂಗಾವಲು'. ಎದುರಾಳಿಯನ್ನು ಅಟ್ಟುವುದಕ್ಕೂ ಒಡನಾಡಿಯನ್ನು ಕಾಯುವುದಕ್ಕೂ ಕನ್ನಡ ಒಂದೇ ಬೆನ್ನನ್ನು ಆಶ್ರಯಿಸಿದೆ. ಸಂಧಿಪಾಠದಲ್ಲಿ ಬಿಡಿಸಿ ಬರೆದು ಮರೆಯುವ ಈ ಪದಗಳ ಅರ್ಥ ಆ ನಾಲ್ಕು ಚಕ್ರಸಾಲಿನಲ್ಲಿ ಕಣ್ಣಿಗೆ ಕಾಣುತ್ತದೆ.

ಕಾಸರಗೋಡಿನ ಹುಡುಗಿಯೊಬ್ಬಳಿಗೆ ಅಂಥ ಪಥ ದೂರದ ಮಾತು. ಕಾರ್ಯವಟ್ಟದ ವೆಲೋಡ್ರೋಮ್ ಇರುವುದು ತಿರುವನಂತಪುರದಲ್ಲಿ, ರಾಜ್ಯದ ಇನ್ನೊಂದು ತುದಿಯಲ್ಲಿ. ಆದರೆ ಮೂರನೆಯ ಚಕ್ರದ ನಿಯಮಕ್ಕೆ ಪಥ ಬೇಕಿಲ್ಲ. ಗಡಿನಾಡಿನ ಐಚ್ಛಿಕ ಕನ್ನಡ ತರಗತಿಗಳು ದೊಡ್ಡವಲ್ಲ. ಒಬ್ಬಾಕೆ ರ‍್ಯಾಂಕ್ ಗಳಿಸಿದರೆ ವಿಭಾಗಕ್ಕೆ ಹೆಮ್ಮೆಯೇ. ಮನೆಯಲ್ಲಿ ಬೇರೆ ನುಡಿಯಾಡಿ ಬಂದು, ಹಳಗನ್ನಡ ಪದ್ಯದ ಮುಂದೆ ತಡವರಿಸುವವಳು ಯಾರ ಮರೆಯಲ್ಲಿ ಸಾಗುತ್ತಿದ್ದಾಳೆ ಎಂಬುದನ್ನೂ ಆ ತರಗತಿ ಕೇಳಿಕೊಳ್ಳಬೇಕು. ರ‍್ಯಾಂಕ್ ಗಳಿಸುವವಳು ವಾರಕ್ಕೊಂದು ಸಂಜೆ ಅವಳೊಡನೆ ಕುಳಿತು ಪದ್ಯವನ್ನು ಅನ್ವಯಿಸಿದರೆ, ಅದೇ ಬೆಂಬಲ.